ಕಾರ್ಯಕ್ರಮ ಮುಗಿದ ಮೇಲಿನ ಮಂಗಳವಾರ

(ಗ್ರಂಥಾಲಯದ ವರ್ಷದ ಕಾರ್ಯಕ್ರಮಗಳು ಮತ್ತು ಓದಿನ ರೂಢಿಯ ಬಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಮಾತಾಡುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಮಂಗಳವಾರದ ಕತೆಯಿಂದ ಶುರು ಮಾಡುತ್ತೇನೆ. ನಾನು ಗ್ರಂಥಾಲಯದ ಕೆಲಸಕ್ಕೆ ಸೇರಿ ಎರಡನೇ ವರ್ಷ ಅದು. ಬೇಸಿಗೆ ಶಿಬಿರದ ಸಮಾರೋಪ ಭಾನುವಾರ ನಡೆದಿತ್ತು. ಮಕ್ಕಳು, ಅವರ ಅಪ್ಪ ಅಮ್ಮ, ಅಜ್ಜಿ ತಾತ ಎಲ್ಲ ಬಂದು ಕೂರಲು ಜಾಗ ಇರಲಿಲ್ಲ. ನಾಟಕ ಆಯ್ತು, ಬಹುಮಾನ ಆಯ್ತು, ಫೋಟೋ ಆಯ್ತು. ನಮಗೆಲ್ಲ ತುಂಬ ಖುಷಿ. ಸೋಮವಾರ ರಜೆ. ಮಂಗಳವಾರ ಬಾಗಿಲು ತೆಗೆದಾಗ ಗೋಡೆ ಮೇಲೆ ಬಣ್ಣದ ಕಾಗದದ ತೋರಣ ಹಾಗೇ ನೇತಾಡುತ್ತಿತ್ತು. ಬೆಳಿಗ್ಗೆಯಿಂದ ಒಂದು ಮಗುವೂ ಬರಲಿಲ್ಲ.

ಸಂಜೆ ಐದರ ಹೊತ್ತಿಗೆ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಬಂದಳು. ಶಿಬಿರದಲ್ಲಿ ತಗೊಂಡಿದ್ದ ಪುಸ್ತಕವನ್ನು ಕೌಂಟರ್ ಮೇಲಿಟ್ಟಳು. ಹೋಗಲಿಲ್ಲ, ಅಲ್ಲೇ ನಿಂತಳು. "ಏನಮ್ಮಾ?" ಅಂದೆ. "ಮೇಡಂ, ಇನ್ನೊಂದು ಪುಸ್ತಕ ಕೊಡ್ತೀರಾ? ಶಿಬಿರ ಮುಗಿದೋಯ್ತಲ್ವಾ?" ಅಂತ ಕೇಳಿದಳು.

ನನಗೆ ಒಂದು ಕ್ಷಣ ಮಾತೇ ಬರಲಿಲ್ಲ. ನಾಲ್ಕು ವಾರ ಆ ಮಗು ನಮ್ಮ ಜೊತೆ ಇತ್ತು. ಹಾಡಿತ್ತು, ಬಣ್ಣ ಬಳಿದಿತ್ತು, ಕತೆ ಕೇಳಿತ್ತು. ಆದರೆ ಈ ಜಾಗ ವರ್ಷವಿಡೀ ತನ್ನದೇ ಅನ್ನುವ ಒಂದು ಮಾತನ್ನು ನಾವು ಅವಳಿಗೆ ಹೇಳಿರಲಿಲ್ಲ. ಪುಸ್ತಕವೂ ಶಿಬಿರದ ಸಾಮಾನು, ಶಿಬಿರ ಮುಗಿದರೆ ಪುಸ್ತಕವೂ ಮುಗಿಯಿತು ಅಂದುಕೊಂಡಿದ್ದಳು. ಉಳಿದ ಮಕ್ಕಳೂ ಹಾಗೇ ಅಂದುಕೊಂಡು ಮನೆಯಲ್ಲಿ ಉಳಿದಿದ್ದರು. ಇವಳು ಬಂದು ಕೇಳಿದಳು, ಅಷ್ಟೇ ವ್ಯತ್ಯಾಸ.

ಅವತ್ತಿನಿಂದ ನಾನು ಯಾವ ಕಾರ್ಯಕ್ರಮವನ್ನೂ ಅದರ ದಿನ ಅಳೆಯುವುದಿಲ್ಲ. ಅದು ಮುಗಿದ ಮೇಲಿನ ಮಂಗಳವಾರ ಯಾರು ಬಂದರು ಅಂತ ನೋಡುತ್ತೇನೆ.

ಗ್ರಂಥಾಲಯಕ್ಕೂ ಋತುಗಳಿವೆ. ಹೊರಗಿನಿಂದ ನೋಡಿದರೆ ವರ್ಷಪೂರ್ತಿ ಒಂದೇ ಥರ ಕಾಣುತ್ತದೆ. ಒಳಗಿರುವವರಿಗೆ ಗೊತ್ತು. ಪರೀಕ್ಷೆ ಹತ್ತಿರ ಬಂದರೆ ಓದುವ ಕೋಣೆಯಲ್ಲಿ ಒಂದು ಕುರ್ಚಿಯೂ ಖಾಲಿ ಇರುವುದಿಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಕಪಾಟಿನ ಪುಸ್ತಕ ಮುಟ್ಟುವುದಿಲ್ಲ. ಅವರಿಗೆ ಬೇಕಿರುವುದು ಒಂದು ಮೇಜು, ಒಂದು ದೀಪ, ಒಂದಿಷ್ಟು ಸದ್ದಿಲ್ಲದ ಜಾಗ. ಅದೂ ಗ್ರಂಥಾಲಯದ ಕೆಲಸವೇ. ಪರೀಕ್ಷೆ ಮುಗಿದ ಮರುದಿನ ಅದೇ ಕೋಣೆ ಖಾಲಿ. ಆಮೇಲೆ ರಜೆ, ಮಕ್ಕಳ ಗದ್ದಲ. ಮಳೆ ಶುರುವಾದರೆ ಜನ ಕಮ್ಮಿ. ಚಳಿಯಲ್ಲಿ ವಯಸ್ಸಾದವರು ಬಿಸಿಲು ಬಂದ ಮೇಲೆ ಬರುತ್ತಾರೆ, ಕತ್ತಲಾಗುವ ಮುಂಚೆ ಹೊರಡುತ್ತಾರೆ.

ಇದರ ನಡುವೆ ಕ್ಯಾಲೆಂಡರಿನ ದಿನಗಳು ಬರುತ್ತವೆ. ಏಪ್ರಿಲ್ 2 ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನ. ಏಪ್ರಿಲ್ 23 ವಿಶ್ವ ಪುಸ್ತಕ ದಿನ, ಯುನೆಸ್ಕೋ 1995ರಲ್ಲಿ ಗೊತ್ತು ಮಾಡಿದ್ದು. ಸೆಪ್ಟೆಂಬರ್ 8 ಸಾಕ್ಷರತಾ ದಿನ. ಇಂಥ ದಿನಗಳು ಒಳ್ಳೆಯ ನೆಪ. ಆದರೆ ಎಷ್ಟೋ ಕಡೆ ಇಡೀ ವರ್ಷದ ದುಡ್ಡು, ಶಕ್ತಿ, ಉತ್ಸಾಹ ಎಲ್ಲ ಈ ನಾಲ್ಕೈದು ದಿನಕ್ಕೇ ಖರ್ಚಾಗಿ ಹೋಗುತ್ತದೆ. ಬ್ಯಾನರ್ ಕಟ್ಟಿ, ಅತಿಥಿಗಳನ್ನು ಕರೆದು, ಭಾಷಣ ಮಾಡಿಸಿ ಕಳಿಸಿದ ಮೇಲೆ ಹೊಸ ಪುಸ್ತಕ ಕೊಳ್ಳಲು ಏನೂ ಉಳಿದಿರುವುದಿಲ್ಲ. ಎರಡರಲ್ಲಿ ಒಂದನ್ನೇ ಮಾಡಲು ಆಗುವುದಾದರೆ ಪುಸ್ತಕ ಕೊಳ್ಳಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಈಗ ಬೇಸಿಗೆಗೆ ಬರುತ್ತೇನೆ. ಇದರ ಬಗ್ಗೆ ಜಾಸ್ತಿ ಹೇಳಬೇಕಿದೆ.

ರಜೆಯಲ್ಲಿ ಮಕ್ಕಳನ್ನು ಓದಿಗೆ ಕರೆಯುವುದು ಹೊಸ ವಿಚಾರ ಏನಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್, ಪಿಟ್ಸ್‌ಬರ್ಗ್‌ನಂಥ ಊರುಗಳ ಗ್ರಂಥಾಲಯಗಳು 1890ರ ದಶಕದಲ್ಲೇ ಇದನ್ನು ಶುರು ಮಾಡಿದ್ದವು. ಬ್ರಿಟನ್ನಿನಲ್ಲಿ 1999ರಿಂದ ಪ್ರತಿ ಬೇಸಿಗೆಯಲ್ಲೂ ದೇಶದ ಗ್ರಂಥಾಲಯಗಳೆಲ್ಲ ಸೇರಿ ಒಂದು ಕಾರ್ಯಕ್ರಮ ನಡೆಸುತ್ತವೆ. ಅದರ ನಿಯಮ ತುಂಬ ಸುಲಭ. 4ರಿಂದ 11 ವರ್ಷದ ಮಕ್ಕಳು ರಜೆಯಲ್ಲಿ ಸಾಮಾನ್ಯವಾಗಿ ಆರು ಪುಸ್ತಕ ಓದಬೇಕು. ಯಾವ ಆರು ಅನ್ನುವುದು ಮಗುವಿಗೇ ಬಿಟ್ಟಿದ್ದು.

ಬೇಸಿಗೆಯೇ ಯಾಕೆ ಮುಖ್ಯ? ಶಾಲೆ ನಡೆಯುವಾಗ ಎಲ್ಲ ಮಕ್ಕಳ ಕೈಗೂ ಒಂದಿಷ್ಟು ಪುಸ್ತಕ ಸಿಗುತ್ತದೆ. ರಜೆ ಬಂದ ಕೂಡಲೇ ಅದು ನಿಲ್ಲುತ್ತದೆ. ಮನೆಯಲ್ಲಿ ಪುಸ್ತಕ ಇರುವ ಮಗು ಓದುತ್ತಲೇ ಇರುತ್ತದೆ. ಇಲ್ಲದ ಮಗು ಎರಡು ತಿಂಗಳು ಅಕ್ಷರದ ಮುಖ ನೋಡುವುದಿಲ್ಲ. 1996ರಲ್ಲಿ ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಅವರ ಜೊತೆಯವರು ಇದರ ಬಗ್ಗೆ ನಡೆದಿದ್ದ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಬೇಸಿಗೆ ಕಳೆದು ಬಂದ ಮಕ್ಕಳ ಅಂಕ, ಸರಾಸರಿ ಲೆಕ್ಕದಲ್ಲಿ, ಸುಮಾರು ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಹೋಗಿತ್ತು. ಓದಿನ ವಿಷಯದಲ್ಲಿ ಬಡ ಮನೆಯ ಮಕ್ಕಳಿಗೆ ಪೆಟ್ಟು ಜಾಸ್ತಿ. ಈ ನಷ್ಟ ಅಷ್ಟೊಂದು ದೊಡ್ಡದಲ್ಲ ಅಂತ ಆಮೇಲಿನ ಸಂಶೋಧಕರು ಕೆಲವರು ವಾದಿಸಿದ್ದಾರೆ. ಆ ವಾದ ಇನ್ನೂ ನಡೆಯುತ್ತಿದೆ.

ನನ್ನನ್ನು ಹೆಚ್ಚು ತಟ್ಟಿದ್ದು ಅದಕ್ಕಿಂತ ಹಳೆಯ ಒಂದು ಅಧ್ಯಯನ. ಬಾರ್ಬರಾ ಹೇನ್ಸ್ ಅನ್ನುವ ಸಮಾಜಶಾಸ್ತ್ರಜ್ಞೆ ಅಟ್ಲಾಂಟಾ ನಗರದ ಮಕ್ಕಳ ಬೇಸಿಗೆಯನ್ನು ಹಿಂಬಾಲಿಸಿ ನೋಡಿದರು. 1978ರಲ್ಲಿ ಅದು ಪ್ರಕಟವಾಯಿತು. ರಜೆಯಲ್ಲಿ ಮಕ್ಕಳ ಕಲಿಕೆಗೆ ಬೇರೆ ಯಾವ ಸಾರ್ವಜನಿಕ ಸಂಸ್ಥೆಗಿಂತ ಗ್ರಂಥಾಲಯ ಹೆಚ್ಚು ನೆರವಾಗಿತ್ತು. ರಜೆಯ ತರಗತಿ ನಡೆಸಿದ ಶಾಲೆಗಳಿಗಿಂತಲೂ ಹೆಚ್ಚು! ಆ ಮಕ್ಕಳು ಅಲ್ಲಿ ದೊಡ್ಡದೇನನ್ನೂ ಮಾಡಿರಲಿಲ್ಲ. ಮನೆಗೆ ಹತ್ತಿರ ಇದ್ದ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತಂದು ಓದಿದ್ದರು, ಅಷ್ಟೇ.

ಇನ್ನೊಂದು, ಫ್ಲಾರಿಡಾದ್ದು. ರಿಚರ್ಡ್ ಆಲಿಂಗ್‌ಟನ್ ಮತ್ತು ಆನ್ ಮೆಕ್‌ಗಿಲ್ ಫ್ರಾನ್ಜೆನ್ ಅವರ ತಂಡ 17 ಶಾಲೆಗಳ ಬಡ ಮಕ್ಕಳಿಗೆ ರಜೆ ಶುರುವಾಗುವ ಮುಂಚೆ ತಲಾ 12 ಪುಸ್ತಕ ಕೊಟ್ಟಿತು. ಹೀಗೆ ಮೂರು ಬೇಸಿಗೆ ಕೊಟ್ಟರು. ಪಾಠ ಇಲ್ಲ, ಪರೀಕ್ಷೆ ಇಲ್ಲ. ಪುಸ್ತಕಗಳನ್ನು ಜಾತ್ರೆಯ ಹಾಗೆ ಹರಡಿ "ನಿಮಗೆ ಬೇಕಾದ್ದು ಆರಿಸಿಕೊಳ್ಳಿ" ಅಂದರು. ಮೂರು ವರ್ಷದ ನಂತರ ನೋಡಿದರೆ ಆ ಮಕ್ಕಳ ಓದು, ಪುಸ್ತಕ ಸಿಗದ ಮಕ್ಕಳಿಗಿಂತ ಮುಂದಿತ್ತು. ತೀರಾ ಬಡ ಮಕ್ಕಳಿಗೆ ಇನ್ನೂ ಹೆಚ್ಚು ಉಪಯೋಗ ಆಗಿತ್ತು.

ಇದನ್ನು ಓದಿದ ದಿನ ನಮ್ಮ ಶಿಬಿರದ ವೇಳಾಪಟ್ಟಿಯನ್ನು ತೆಗೆದು ನೋಡಿದೆ. ಕರಕುಶಲ ಒಂದು ಗಂಟೆ, ಹಾಡು ಮುಕ್ಕಾಲು ಗಂಟೆ, ಅತಿಥಿಗಳ ಮಾತು ಒಂದು ಗಂಟೆ. ಮಗು ಕಪಾಟಿನ ಮುಂದೆ ಸುಮ್ನೆ ನಿಂತು ಪುಸ್ತಕ ಆರಿಸಲು ಎಷ್ಟು ಹೊತ್ತು ಕೊಟ್ಟಿದ್ದೆವು? ಹತ್ತು ನಿಮಿಷ. ಅದೂ ಕೊನೆಯಲ್ಲಿ, ಅಪ್ಪ ಅಮ್ಮ ಕರೆದುಕೊಂಡು ಹೋಗಲು ಬಾಗಿಲಲ್ಲಿ ನಿಂತಾಗ.

ಮುಂದಿನ ವರ್ಷ ಅದನ್ನು ತಿರುವಿ ಹಾಕಿದೆವು. ಮೊದಲ ಮುಕ್ಕಾಲು ಗಂಟೆ ಪುಸ್ತಕ ಆರಿಸುವುದಕ್ಕೇ. ಒಬ್ಬ ಹುಡುಗ ಮೂರು ದಿನ ಏನೂ ಆರಿಸಲಿಲ್ಲ. ತೆಗೆಯುತ್ತಿದ್ದ, ಮುಚ್ಚಿಡುತ್ತಿದ್ದ. ನಮ್ಮವರೊಬ್ಬರು ಬೇಸತ್ತು "ನೀವೇ ಒಂದು ಕೊಟ್ಟುಬಿಡಿ" ಅಂದರು. ಕೊಡಲಿಲ್ಲ. ನಾಲ್ಕನೇ ದಿನ ಜೇಡಗಳ ಬಗ್ಗೆ ಇದ್ದ ಪುಸ್ತಕ ಹಿಡಿದುಕೊಂಡು ಬಂದ. ಅದು ದೊಡ್ಡವರ ಕಪಾಟಿನದು. ಅರ್ಧಕ್ಕರ್ಧ ಅವನಿಗೆ ಅರ್ಥ ಆಗದ್ದು. ಆದರೂ ಬಿಡದೆ ಚಿತ್ರ ನೋಡಿದ, ಚಿತ್ರದ ಕೆಳಗಿನ ಸಾಲು ಓದಿದ, ಆಮೇಲೆ ಪಕ್ಕದ ಸಾಲು ಓದಿದ.

ಬಹುಮಾನದ ವಿಷಯ ಹೇಳಲೇಬೇಕು. ಇದರಲ್ಲಿ ನಾವು ತಪ್ಪು ಮಾಡಿದ್ದೇವೆ, ಒಪ್ಪಿಕೊಳ್ಳುತ್ತೇನೆ.

ಒಂದು ವರ್ಷ ಯಾರು ಜಾಸ್ತಿ ಪುಸ್ತಕ ಓದುತ್ತಾರೋ ಅವರಿಗೆ ದೊಡ್ಡ ಬಹುಮಾನ ಅಂತ ಗೋಡೆ ಮೇಲೆ ಪಟ್ಟಿ ಹಾಕಿದೆವು. ಎರಡನೇ ವಾರಕ್ಕೇ ಮಕ್ಕಳು ತೆಳು ಪುಸ್ತಕ ಹುಡುಕಲು ಶುರು ಮಾಡಿದರು. ದಪ್ಪ ಪುಸ್ತಕ ಇಷ್ಟಪಟ್ಟು ಓದುತ್ತಿದ್ದ ಒಬ್ಬಳು ಅದನ್ನು ಅರ್ಧಕ್ಕೆ ಬಿಟ್ಟಳು. ನಿಧಾನವಾಗಿ ಓದುವ ಮಕ್ಕಳು ಪಟ್ಟಿಯ ತಳದಲ್ಲಿ ತಮ್ಮ ಹೆಸರು ನೋಡಿ ಬರುವುದನ್ನೇ ನಿಲ್ಲಿಸಿದರು. ಯಾರನ್ನು ಕರೆಯಲು ಶಿಬಿರ ಮಾಡಿದ್ದೆವೋ ಅವರನ್ನೇ ಹೊರಗೆ ಕಳಿಸಿದ್ದೆವು. ಆ ಪಟ್ಟಿಯನ್ನು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

1973ರ ಒಂದು ಪ್ರಯೋಗ ಇದೆ. ಮಾರ್ಕ್ ಲೆಪ್ಪರ್ ಮತ್ತು ಜೊತೆಯವರು ಮಾಡಿದ್ದು. ಚಿತ್ರ ಬಿಡಿಸುವುದು ಅಂದರೆ ಇಷ್ಟಪಡುವ ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ "ಚಿತ್ರ ಬಿಡಿಸಿದರೆ ಪ್ರಶಸ್ತಿ ಕೊಡ್ತೀವಿ" ಅಂತ ಮೊದಲೇ ಹೇಳಿದರು. ಎರಡನೇ ಗುಂಪಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೇ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಬಣ್ಣದ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲೆ ಇಟ್ಟು ನೋಡಿದರು. ಪ್ರಶಸ್ತಿಯ ಮಾತು ಕೇಳಿ ಬಿಡಿಸಿದ್ದ ಮಕ್ಕಳು ಅವುಗಳ ಜೊತೆ ಕಳೆದ ಹೊತ್ತು, ಉಳಿದ ಮಕ್ಕಳದಕ್ಕಿಂತ ಸುಮಾರು ಅರ್ಧದಷ್ಟು. ಮೊದಲು ಆಟವಾಗಿದ್ದದ್ದು ಅವರಿಗೆ ಕೆಲಸ ಆಗಿಬಿಟ್ಟಿತ್ತು.

ಹಾಗಂತ ಏನೂ ಕೊಡಬಾರದು ಅಂತಲ್ಲ. 2008ರಲ್ಲಿ ಬಾರ್ಬರಾ ಮ್ಯಾರಿನಕ್ ಮತ್ತು ಲಿಂಡಾ ಗ್ಯಾಂಬ್ರೆಲ್ ಮೂರನೇ ತರಗತಿ ಮಕ್ಕಳ ಮೇಲೆ ಇದೇ ಥರದ ಪ್ರಯೋಗ ಮಾಡಿದರು. ಓದಿದ್ದಕ್ಕೆ ಆಟದ ಸಾಮಾನಿನಂಥ ಸಣ್ಣಪುಟ್ಟ ವಸ್ತು ಪಡೆದ ಮಕ್ಕಳಿಗಿಂತ, ಪುಸ್ತಕವನ್ನೇ ಪಡೆದವರು ಮತ್ತು ಏನೂ ಪಡೆಯದವರು ಆಮೇಲೂ ಓದಿನಲ್ಲಿ ಹೆಚ್ಚು ಆಸಕ್ತಿ ತೋರಿಸಿದರು. ಈಗ ನಾವು ಕೊಡುವುದು ಇಷ್ಟೇ. ಶಿಬಿರಕ್ಕೆ ಬಂದ ಪ್ರತಿ ಮಗುವಿಗೂ ಒಂದು ಪುಸ್ತಕ, ಅವರೇ ಆರಿಸಿದ್ದು, ಮನೆಯಲ್ಲಿ ಇಟ್ಟುಕೊಳ್ಳಲು. ಎಷ್ಟು ಓದಿದರು ಅಂತ ಯಾರೂ ಎಣಿಸುವುದಿಲ್ಲ.

ಓದುಗರಿಗೆ ಬೇಕಾದ್ದನ್ನು ಕೊಡುವುದು ಅಂದಾಗ ಎಸ್.ಆರ್. ರಂಗನಾಥನ್ ಅವರನ್ನು ನೆನೆಯದೆ ಮುಂದೆ ಹೋಗಲು ಆಗದು. ಅವರು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಶುರುವಿನಲ್ಲಿ ಆ ಕೆಲಸ ಅವರಿಗೆ ಹಿಡಿಸಿರಲಿಲ್ಲ. ತರಗತಿಯಲ್ಲಿ ಹುಡುಗರ ನಡುವೆ ಇದ್ದವರಿಗೆ ಆ ಒಂಟಿತನ ತಡೆಯಲು ಆಗಲಿಲ್ಲ. ವಾಪಸ್ ಪಾಠಕ್ಕೆ ಕಳಿಸಿ ಅಂತ ಕೇಳಿಕೊಂಡರು. ಇಂಗ್ಲೆಂಡಿಗೆ ಹೋಗಿ ಕಲಿತು ಬನ್ನಿ, ಆಮೇಲೂ ಬೇಡ ಅನ್ನಿಸಿದರೆ ಬಿಡಿ ಅಂದರಂತೆ. ಅಲ್ಲಿ ಊರೂರಿನ ಗ್ರಂಥಾಲಯಗಳನ್ನು ನೋಡಿದರು. ಕಾರ್ಮಿಕರು, ಹೆಂಗಸರು, ಮಕ್ಕಳು ಎಲ್ಲರೂ ಬಂದು ಪುಸ್ತಕ ಒಯ್ಯುವುದನ್ನು ಕಂಡರು. ವಾಪಸ್ ಬಂದವರು ಆ ಕೆಲಸ ಬಿಡಲೇ ಇಲ್ಲ. 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗೆ. ಪ್ರತಿ ಓದುಗರಿಗೂ ಅವರ ಪುಸ್ತಕ. ಪ್ರತಿ ಪುಸ್ತಕಕ್ಕೂ ಅದರ ಓದುಗರು. ಓದುಗರ ಸಮಯ ಉಳಿಸಿ. ಗ್ರಂಥಾಲಯ ಬೆಳೆಯುವ ಜೀವಿ.

ಎರಡನೇ ಸೂತ್ರವನ್ನು ಇನ್ನೊಂದು ಸಲ ಗಮನಿಸಿ. ಪ್ರತಿ ಓದುಗರಿಗೂ "ಅವರ" ಪುಸ್ತಕ. "ಒಳ್ಳೆಯ ಪುಸ್ತಕ" ಅಂತ ಅವರು ಹೇಳಲಿಲ್ಲ. ಜೇಡದ ಪುಸ್ತಕ ಆ ಹುಡುಗನ ಪುಸ್ತಕ. ಚಿತ್ರಕತೆ ಓದುವ ಮಗುವಿನ ಕೈಯಿಂದ ಅದನ್ನು ಕಿತ್ತು "ಇದೆಂಥ ಓದು" ಅನ್ನುವ ದೊಡ್ಡವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಚಿತ್ರಕತೆಯೂ ಓದೇ. ಒಂದೇ ಪುಸ್ತಕವನ್ನು ಐದು ಸಲ ಓದುವುದೂ ಓದೇ. ಕ್ರಿಕೆಟ್ ಅಂಕಿಅಂಶ ಓದುವುದೂ ಓದೇ.

ಕತೆ ಹೇಳುವ ಹೊತ್ತಿನ ಬಗ್ಗೆ ಎರಡು ಮಾತು. ವಾರಕ್ಕೊಂದು ಸಲ ಕತೆ ಹೇಳುವುದು ತುಂಬ ಗ್ರಂಥಾಲಯಗಳಲ್ಲಿ ಇದೆ. ಆದರೆ ಹೇಳುವವರು ಹೇಳುತ್ತಾರೆ, ಮಕ್ಕಳು ಕೈ ಕಟ್ಟಿ ಕೇಳುತ್ತಾರೆ. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಅವರ ತಂಡ ಎರಡು ಮೂರು ವರ್ಷದ ಮಕ್ಕಳ ತಂದೆ ತಾಯಿಗೆ ಒಂದು ಸಣ್ಣ ಬದಲಾವಣೆ ಕಲಿಸಿತು. ಓದುತ್ತಾ ಓದುತ್ತಾ ನಿಲ್ಲಿಸಿ ಕೇಳಿ. "ಇಲ್ಲಿ ಏನಾಗ್ತಿದೆ? ಇವನು ಯಾಕೆ ಓಡ್ತಿದ್ದಾನೆ?" ಮಗು ಹೇಳಿದ್ದಕ್ಕೆ ಇನ್ನೊಂದು ಮಾತು ಸೇರಿಸಿ. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು, ಸುಮ್ಮನೆ ಓದಿ ಹೇಳಿಸಿಕೊಂಡ ಮಕ್ಕಳಿಗಿಂತ ಎಷ್ಟೋ ಮುಂದೆ ಹೋಗಿತ್ತು. ಇದಕ್ಕೆ ದುಡ್ಡು ಬೇಡ, ಸಲಕರಣೆ ಬೇಡ. ಸ್ವಲ್ಪ ತಾಳ್ಮೆ ಬೇಕು.

ಜೋರಾಗಿ ಓದಲು ಹೆದರುವ ಮಕ್ಕಳಿದ್ದಾರೆ. ತಡವರಿಸಿದರೆ ಯಾರಾದರೂ ನಗುತ್ತಾರೆ ಅನ್ನುವ ಭಯ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲಿ ಒಂದು ಪ್ರಯೋಗ ಶುರುವಾಯಿತು. ಅಲ್ಲಿ ಮಕ್ಕಳು ತರಬೇತಾದ ನಾಯಿಯ ಪಕ್ಕ ಕೂತು ಅದಕ್ಕೆ ಓದಿ ಹೇಳುತ್ತಾರೆ. ನಾಯಿ ತಪ್ಪು ತಿದ್ದುವುದಿಲ್ಲ, ಅವಸರ ಮಾಡುವುದಿಲ್ಲ. ಸುಮ್ಮನೆ ಪಕ್ಕದಲ್ಲಿರುತ್ತದೆ. ಈಗ ಎಷ್ಟೋ ದೇಶಗಳಲ್ಲಿ ಇದು ನಡೆಯುತ್ತಿದೆ. ನಮ್ಮಲ್ಲಿ ನಾಯಿ ಇಲ್ಲ. ಅದರ ಬದಲು ದೊಡ್ಡ ಮಕ್ಕಳು ಚಿಕ್ಕವರಿಗೆ ಓದಿ ಹೇಳುತ್ತಾರೆ. ಏಳನೇ ತರಗತಿಯಲ್ಲಿದ್ದೂ ಓದಲು ತಡವರಿಸುವ ಹುಡುಗ, ನಾಲ್ಕು ವರ್ಷದ ಮಗುವಿನ ಮುಂದೆ ಧೈರ್ಯವಾಗಿ ಓದುತ್ತಾನೆ. ಅವನು ಸುಲಭದ ಪುಸ್ತಕ ಹಿಡಿದಿದ್ದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಚಿಕ್ಕವರಿಗಾಗಿ ಅಲ್ವಾ ಓದ್ತಿರೋದು!

ಇನ್ನು ಮಳೆಗಾಲ. ಇದು ಯಾರೂ ಭಾಷಣ ಮಾಡದ ಋತು. ನನಗೆ ತುಂಬ ಇಷ್ಟದ್ದು ಇದೇ.

ಜನ ಕಮ್ಮಿ, ಕೆಲಸ ಜಾಸ್ತಿ. ಗಾಳಿಯಲ್ಲಿ ತೇವ ಏರಿದರೆ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಗಾಳಿಯ ಆರ್ದ್ರತೆ ಶೇ. 65 ದಾಟಿ ಹಾಗೇ ನಿಂತರೆ ಅಪಾಯ. ಕಪಾಟನ್ನು ಹೊರಗೋಡೆಗೆ ಅಂಟಿಸಿ ಇಡಬಾರದು, ಹಿಂದೆ ಗಾಳಿ ಆಡಬೇಕು. ಪುಸ್ತಕಗಳನ್ನು ಬಿಗಿಯಾಗಿ ತುರುಕಬಾರದು. ನೆಂದ ಪುಸ್ತಕವನ್ನು ಎರಡು ದಿನದೊಳಗೆ ಒಣಗಿಸದಿದ್ದರೆ ಬೂಷ್ಟು ಬರುವುದು ಹೆಚ್ಚುಕಡಿಮೆ ಖಚಿತ. ಒಂದೆರಡಾದರೆ ಫ್ಯಾನಿನ ಕೆಳಗೆ ಹಾಳೆ ಬಿಡಿಸಿ ನಿಲ್ಲಿಸಬಹುದು. ಬಿಸಿಲಿಗೆ ಇಟ್ಟರೆ ಹಾಳೆ ಸುರುಟಿಕೊಳ್ಳುತ್ತದೆ. ನೂರಾರು ನೆಂದರೆ ದೊಡ್ಡ ಗ್ರಂಥಾಲಯಗಳು ಅವನ್ನು ಹಾಗೇ ಹೆಪ್ಪುಗಟ್ಟಿಸಿ ಇಡುತ್ತವೆ. ಆಮೇಲೆ ಸಾವಕಾಶವಾಗಿ ಒಣಗಿಸಲು ಅದರಿಂದ ಸಮಯ ಸಿಗುತ್ತದೆ.

ಇದೇ ಹೊತ್ತಲ್ಲಿ ನಾವು ಕಳೆ ಕೀಳುತ್ತೇವೆ. ಹರಿದದ್ದು, ಹಳತಾದ ಮಾಹಿತಿ ಇರುವುದು, ವರ್ಷಗಟ್ಟಲೆ ಯಾರೂ ಮುಟ್ಟದ್ದು, ಹೀಗೆ ಒಂದೊಂದನ್ನೇ ನೋಡಿ ಕಪಾಟಿನಿಂದ ತೆಗೆಯುವುದು. ಪುಸ್ತಕ ತೆಗೆಯುವುದಾ ಅಂತ ಕೆಲವರು ನೊಂದುಕೊಳ್ಳುತ್ತಾರೆ. ನನಗೂ ಮೊದಮೊದಲು ಕೈ ನಡುಗುತ್ತಿತ್ತು. ಆದರೆ ಇಪ್ಪತ್ತು ವರ್ಷ ಹಳೆಯ ಕಂಪ್ಯೂಟರ್ ಕೈಪಿಡಿ ಹತ್ತು ಇದ್ದರೆ ಅದರ ನಡುವೆ ಇರುವ ಒಂದು ಚಂದದ ಪುಸ್ತಕ ಯಾರ ಕಣ್ಣಿಗೂ ಬೀಳುವುದಿಲ್ಲ. ತೆಗೆದ ಮೇಲೆ ಉಳಿದ ಜಾಗದಲ್ಲಿ ಕೆಲವು ಪುಸ್ತಕಗಳನ್ನು ಮುಖಪುಟ ಕಾಣುವ ಹಾಗೆ ನಿಲ್ಲಿಸುತ್ತೇವೆ. ಬೆನ್ನು ಮಾತ್ರ ಕಾಣುತ್ತಿದ್ದಾಗ ವರ್ಷವಿಡೀ ಕದಲದ ಪುಸ್ತಕ, ಮುಖ ತೋರಿಸಿದ ವಾರದಲ್ಲೇ ಹೊರಟದ್ದನ್ನು ಕಂಡಿದ್ದೇನೆ.

ಓದುಗರು ಕಪಾಟಿನ ಹತ್ತಿರ ಹೋಗಿ ಕೈಯಾರೆ ಪುಸ್ತಕ ತೆಗೆಯುವುದೇ ಒಂದು ಕಾಲಕ್ಕೆ ಇರಲಿಲ್ಲ. ಪಟ್ಟಿ ನೋಡಿ ಚೀಟಿ ಬರೆದು ಕೊಡಬೇಕಿತ್ತು, ಒಳಗಿನವರು ತಂದುಕೊಡುತ್ತಿದ್ದರು. 1894ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ಗ್ರಂಥಪಾಲಕ ಜೇಮ್ಸ್ ಡಫ್ ಬ್ರೌನ್ ಕಪಾಟುಗಳನ್ನು ಜನರಿಗೆ ತೆರೆದಾಗ, ಪುಸ್ತಕ ಕಳುವಾಗುತ್ತೆ, ಅಸ್ತವ್ಯಸ್ತ ಆಗುತ್ತೆ ಅಂತ ಅವರ ವೃತ್ತಿಯವರೇ ವಿರೋಧಿಸಿದ್ದರು. ಈಗಲೂ ಬೀಗ ಹಾಕಿದ ಗಾಜಿನ ಬೀರು ಕಂಡರೆ ನನಗೆ ಆ ಜಗಳ ಇನ್ನೂ ಮುಗಿದಿಲ್ಲ ಅನ್ನಿಸುತ್ತದೆ.

ಚಳಿಗಾಲಕ್ಕೆ ಒಂದೇ ಉದಾಹರಣೆ. ನಾರ್ವೆ ದೇಶದ ಪಶ್ಚಿಮ ಕರಾವಳಿಯಲ್ಲಿ ದ್ವೀಪಗಳು, ಕಡಿದಾದ ಬೆಟ್ಟದ ನಡುವೆ ನುಗ್ಗಿದ ಸಮುದ್ರ. ಪುಟ್ಟ ಪುಟ್ಟ ಊರುಗಳು. ಅಲ್ಲಿಗೆ 'ಎಪೋಸ್' ಅನ್ನುವ ಹಡಗು ಪುಸ್ತಕ ಹೊತ್ತು ಹೋಗುತ್ತಿತ್ತು. 1963ರಲ್ಲಿ ಗ್ರಂಥಾಲಯಕ್ಕೆಂದೇ ಕಟ್ಟಿದ ಹಡಗು ಅದು. ಒಳಗೆ ಸುಮಾರು 6000 ಪುಸ್ತಕ. ಸೆಪ್ಟೆಂಬರಿನಿಂದ ಏಪ್ರಿಲ್ ತನಕ, ಅಂದರೆ ಕತ್ತಲು ಮತ್ತು ಚಳಿಯ ತಿಂಗಳುಗಳಲ್ಲೇ ಅದರ ಓಡಾಟ. ಪುಸ್ತಕದ ಜೊತೆಗೆ ಮಕ್ಕಳಿಗಾಗಿ ಕಲಾವಿದರೂ ಹೋಗುತ್ತಿದ್ದರು. 2020ರಲ್ಲಿ ಅದು ನಿಂತಿತು. ಕಾರ್ಯಕ್ರಮ ಹೇಗಿರಬೇಕು ಅಂತ ಕೇಳಿದರೆ ನಾನು ಈ ಹಡಗನ್ನು ತೋರಿಸುತ್ತೇನೆ. ಹಡಗು ಹೋದ ಮೇಲೂ ಮುಂದಿನ ಸಲ ಅದು ಬರುವ ತನಕ ಓದಲು ಆ ಮನೆಗಳಲ್ಲಿ ಪುಸ್ತಕ ಇರುತ್ತಿತ್ತು.

ದೊಡ್ಡವರ ಬಗ್ಗೆ ಮಾತಾಡದಿದ್ದರೆ ಅನ್ಯಾಯ ಆಗುತ್ತದೆ. ಓದಿಗೆ ಉತ್ತೇಜನ ಅಂದ ಕೂಡಲೇ ಎಲ್ಲರೂ ಮಕ್ಕಳ ಕಡೆ ತಿರುಗುತ್ತಾರೆ. ಮೂವತ್ತು ವರ್ಷದಿಂದ ಒಂದು ಪುಸ್ತಕವನ್ನೂ ಮುಟ್ಟದ ತಾಯಿ, ಮಗನನ್ನು ಬಿಟ್ಟು ಹೊರಗೆ ಕಟ್ಟೆ ಮೇಲೆ ಕೂತಿರುತ್ತಾರೆ. ಅವರನ್ನು ಯಾರೂ ಒಳಗೆ ಕರೆಯುವುದಿಲ್ಲ. ನಾವು ಕರೆಯಲು ಶುರು ಮಾಡಿದೆವು. ದಪ್ಪ ಅಕ್ಷರದ ಪುಸ್ತಕಗಳನ್ನು ಬಾಗಿಲ ಹತ್ತಿರವೇ ಇಟ್ಟೆವು. ಹೊಲಿಗೆ, ಗಿಡ ಬೆಳೆಸುವುದು, ಆರೋಗ್ಯ, ಸಣ್ಣಕತೆ. ಒಬ್ಬರು ಹೇಳಿದ ಮಾತು ನೆನಪಿದೆ: "ನಾವೂ ತಗೋಬಹುದಾ? ಮಕ್ಕಳಿಗೆ ಮಾತ್ರ ಅಂದ್ಕೊಂಡಿದ್ದೆ." ನೋಡಿ, ಮತ್ತೆ ಅದೇ ಪ್ರಶ್ನೆ.

ದಂಡವೂ ಜನರನ್ನು ದೂರ ಇಡುತ್ತದೆ. ಪುಸ್ತಕ ತಡವಾಯಿತು, ದಂಡ ಕಟ್ಟಬೇಕು ಅನ್ನುವ ಹೆದರಿಕೆಗೆ ಪುಸ್ತಕವೂ ಬರುವುದಿಲ್ಲ, ಓದುಗರೂ ಬರುವುದಿಲ್ಲ. ಅಮೆರಿಕದ ಶಿಕಾಗೋ ಗ್ರಂಥಾಲಯ 2019ರ ಅಕ್ಟೋಬರಿನಲ್ಲಿ ತಡವಾದದ್ದಕ್ಕೆ ದಂಡ ಹಾಕುವುದನ್ನು ನಿಲ್ಲಿಸಿತು. ಕೆಲವೇ ವಾರಗಳಲ್ಲಿ ಹಳೆಯ ಪುಸ್ತಕಗಳು ರಾಶಿ ರಾಶಿ ವಾಪಸ್ ಬಂದವು. 2021ರಲ್ಲಿ ನ್ಯೂಯಾರ್ಕ್ ಕೂಡ ನಿಲ್ಲಿಸಿತು. ಆಗ ಅಲ್ಲಿ ದಂಡ ಬಾಕಿ ಇದ್ದದ್ದಕ್ಕೆ ಸುಮಾರು 4 ಲಕ್ಷ ಜನರ ಕಾರ್ಡುಗಳು ನಿಂತುಹೋಗಿದ್ದವು. ಅವರಲ್ಲಿ ಹೆಚ್ಚಿನವರು ಬಡವರ ಬಡಾವಣೆಗಳವರು.

ಕೊನೆಗೆ, ನಾವು ಬದಲಾಯಿಸಿಕೊಂಡದ್ದು. ಯಾವ ಕಾರ್ಯಕ್ರಮವೇ ಇರಲಿ, ಮೊದಲ ದಿನವೇ ಸದಸ್ಯತ್ವದ ಕಾರ್ಡ್. ಸಮಾರೋಪದ ದಿನ ಯಾರೂ ಖಾಲಿ ಕೈಯಲ್ಲಿ ಹೋಗುವುದಿಲ್ಲ, ಎರಡು ವಾರದ ನಂತರದ ತಾರೀಕಿನ ಠಸ್ಸೆ ಬಿದ್ದ ಪುಸ್ತಕ ಹಿಡಿದೇ ಹೋಗಬೇಕು. ಆ ತಾರೀಕು ಅವರನ್ನು ಮತ್ತೆ ಕರೆತರುತ್ತದೆ. ಆಮೇಲೆ ಮಂಗಳವಾರದ ಒಂದು ಪುಟ. ಶಿಬಿರಕ್ಕೆ ಬಂದಿದ್ದ ಮಕ್ಕಳಲ್ಲಿ ಯಾರು ಬಂದರು, ಯಾರು ಬರಲಿಲ್ಲ ಅಂತ ಬರೆದಿಡುತ್ತೇವೆ. ಬಾರದವರ ಮನೆಗೆ ಒಂದು ಫೋನ್. "ನಿಮಗೆ ಇಷ್ಟ ಅಂದಿದ್ರಲ್ಲ, ಆ ಥರದ್ದೇ ಹೊಸದು ಬಂದಿದೆ" ಅಂತ ಅಷ್ಟೇ ಹೇಳುವುದು.

ಸಭಿಕರು ಕೇಳಿದ ಪ್ರಶ್ನೆಗಳು:

"ನನ್ನ ಮಗ ಫೋನ್ ಬಿಟ್ಟು ಏಳುವುದಿಲ್ಲ. ಓದಿಸುವುದು ಹೇಗೆ?"

ಫೋನ್ ಕಿತ್ತುಕೊಂಡು ಆ ಕೈಗೆ ಪುಸ್ತಕ ಕೊಡಬೇಡಿ. ಆಗ ಪುಸ್ತಕ ಶಿಕ್ಷೆ ಆಗುತ್ತದೆ. ಅವನು ಫೋನಿನಲ್ಲಿ ಏನು ನೋಡುತ್ತಾನೆ ಅಂತ ಒಂದು ವಾರ ಗಮನಿಸಿ. ಕಾರಾ, ಕ್ರಿಕೆಟ್ಟಾ, ದೆವ್ವದ ಕತೆಯಾ? ಅದೇ ವಿಷಯದ ಪುಸ್ತಕ ಮನೆಯಲ್ಲಿ ಕಣ್ಣಿಗೆ ಬೀಳುವ ಜಾಗದಲ್ಲಿ ಇರಲಿ. ಮತ್ತೆ ಬೇಜಾರು ಮಾಡ್ಕೋಬೇಡಿ, ಅವನ ಕಣ್ಣಿಗೆ ನೀವು ಓದುವುದು ಕಾಣಬೇಕು. ದಿನಕ್ಕೆ ಹದಿನೈದು ನಿಮಿಷ ಆದರೂ.

"ನಮ್ಮ ಗ್ರಂಥಾಲಯಕ್ಕೆ ದುಡ್ಡೂ ಇಲ್ಲ, ಜನವೂ ಇಲ್ಲ. ಎಲ್ಲಿಂದ ಶುರು ಮಾಡೋಣ?"

ಹತ್ತು ಪುಸ್ತಕ ಮುಖಪುಟ ಕಾಣುವ ಹಾಗೆ ಬಾಗಿಲ ಹತ್ತಿರ ನಿಲ್ಲಿಸಿ. ಪ್ರತಿ ವಾರ ಬದಲಾಯಿಸಿ. ವಾರಕ್ಕೊಂದು ಗೊತ್ತಾದ ದಿನ, ಗೊತ್ತಾದ ಹೊತ್ತು ಕತೆ ಓದಿ. ಮೂರೇ ಮಕ್ಕಳು ಬಂದರೂ ನಿಲ್ಲಿಸಬೇಡಿ. ಒಂದು ವಾರ ತಪ್ಪಿಸಿದರೆ ಆ ಮೂರೂ ಮಕ್ಕಳು ಬರುವುದಿಲ್ಲ.

"ಮೊದಲು ಹೇಳಿದ ಆ ಹುಡುಗಿ ಏನಾದಳು?"

ಅವತ್ತೇ ಅವಳಿಗೆ ಕಾರ್ಡ್ ಮಾಡಿಕೊಟ್ಟೆ, ಎರಡು ಪುಸ್ತಕ ಕೊಟ್ಟೆ. ಮೂರು ವರ್ಷ ಬಂದಳು. ಕಾರ್ಡಿನ ಎರಡೂ ಬದಿಯಲ್ಲಿ ಠಸ್ಸೆ ಹಾಕಲು ಜಾಗ ಉಳಿಯದೆ ಎರಡನೇ ಕಾರ್ಡ್ ಬೇಕಾಯಿತು. ಆಮೇಲೆ ಅವರ ಮನೆಯವರು ಬೇರೆ ಊರಿಗೆ ಹೊರಟರು. ಪುಸ್ತಕ ವಾಪಸ್ ಕೊಡಲು ಬಂದವಳು ಆ ಊರಿನಲ್ಲಿ ಗ್ರಂಥಾಲಯ ಎಲ್ಲಿದೆ ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಇಬ್ಬರೂ ಕೂತು ಹುಡುಕಿದೆವು. ಸಿಕ್ಕಿದ ಮೇಲೆ ವಿಳಾಸವನ್ನು ಅವಳೇ ಚೀಟಿಯಲ್ಲಿ ಬರೆದುಕೊಂಡಳು. ಪಕ್ಕದಲ್ಲಿ ರಜೆಯ ದಿನ ಯಾವುದು ಅಂತಲೂ ಬರೆದುಕೊಂಡಳು.